ದೊಡ್ಡಯ್ಯನ ಮಡುವಿಗೆ ಕಾಂಕ್ರೀಟು

ತಮ್ಮ ಅಂಗಡಿಯಲ್ಲಿ ಕೊಬ್ಬರಿ ಮಿಠಾಯಿ ತುಂಬಿಡುತ್ತಿದ್ದ ಎರಡು ಗಾಜಿನ ಭರಣಿಗಳನ್ನು ಗಂಗಣ್ಣನವರು ಮಲ್ಲೇಶ್ವರನ ಗುಡಿಯ ಜಗಲಿಯ ಮೇಲೆ ಪಕ್ಕಪಕ್ಕದಲ್ಲಿಟ್ಟರು. ತಾವೇ ಹೊಳೆಗಿಳಿದು ಕೊಡದಲ್ಲಿ ನೀರು ತಂದು ಎರಡಕ್ಕೂ ಕಂಠದವರೆಗೆ ಸುರಿದರು. ಪರೀಕ್ಷೆ ನಡೆಯುವುದಾದರೆ ಈ ಮಡುವಿನ ನೀರಿನಲ್ಲಿಯೇ ನಡೆಯಬೇಕು ಎಂಬುದು ಅವರ ಷರತ್ತು.

ಇಂಜಿನಿಯರ್ ಸುಧಾ ಎರಡು ಬಾಂಡ್ಲಿಗಳಲ್ಲಿ ಕಾಂಕ್ರೀಟು ಕಲಸಿ ತಂದಿದ್ದಳು. ಮೊದಲನೆಯ ಬಾಂಡ್ಲಿಯಿಂದ ಒಂದು ಕರಣೆಯಷ್ಟು ಕಾಂಕ್ರೀಟು ತೆಗೆದು ಎಡಗಡೆಯ ಭರಣಿಗೆ ಬಿಟ್ಟಳು. ಅದು ತಳ ಮುಟ್ಟುವುದಕ್ಕೆ ಮುಂಚೆಯೇ ನೀರು ಹಾಲಾಯಿತು; ಜಲ್ಲಿ ಒಂದು ಕಡೆ, ಮರಳು ಇನ್ನೊಂದು ಕಡೆ, ಸಿಮೆಂಟು ಇಡೀ ಭರಣಿಯ ತುಂಬ. ಜಗಲಿಯ ಸುತ್ತ ನಿಂತಿದ್ದ ಮಡುವಳ್ಳಿಯ ಜನರಲ್ಲಿ ಗುಜುಗುಜು ಎದ್ದಿತು.

"ಇದು ಮನೆ ಕಟ್ಟುವ ಕಾಂಕ್ರೀಟು," ಎಂದಳು ಸುಧಾ. "ಇನ್ನು ಇದನ್ನ ನೋಡಿ."

ಎರಡನೆಯ ಬಾಂಡ್ಲಿಯಲ್ಲಿದ್ದುದಕ್ಕೆ ಅವಳು ಬಿಳಿಯ ಪುಡಿಯೊಂದನ್ನು ಬೆರೆಸಿದ್ದಳು. ನೀರಿನೊಳಗೆ ಬಿದ್ದರೂ ಸಿಮೆಂಟು, ಮರಳು, ಜಲ್ಲಿ ಒಂದನ್ನೊಂದು ಬಿಡದಂತೆ ಹಿಡಿದುಕೊಳ್ಳುವ ಅಂಟು ಅದರ ಗುಣ. ಬಲಗಡೆಯ ಭರಣಿಗೆ ಬಿಟ್ಟ ಮುದ್ದೆ ಮುದ್ದೆಯಾಗಿಯೇ ಇಳಿಯಿತು. ತಳದಲ್ಲಿ ಕುಳಿತು ನಿಧಾನವಾಗಿ ಅಗಲವಾಯಿತು. ಮೇಲಿನ ನೀರಿನಲ್ಲಿ ಗುಡಿಯ ಕಂಬದ ನೆರಳು ಮೊದಲಿನಷ್ಟೇ ಸ್ಪಷ್ಟವಾಗಿತ್ತು.

ಗುಜುಗುಜು ನಿಂತಿತು. ಆಗ ಹಿಂದಿನಿಂದ ಒಂದು ದನಿ ಬಂದಿತು.

"ಭರಣೀಲಿ ಸರಿ ಕಣವ್ವ. ಭರಣೀಲಿ ದೊಡ್ಡಯ್ಯ ಇಲ್ವಲ್ಲ."

ಹಾಗೆಂದವರು ಗಂಗಣ್ಣನವರ ಹೆಂಡತಿ ವಿಶಾಲಾಕ್ಷಮ್ಮ.

ದೊಡ್ಡಯ್ಯ ಮನುಷ್ಯನಲ್ಲ, ಮೀನು. ಗುಡಿಯ ಮೆಟ್ಟಿಲುಗಳಿಂದ ಸೇತುವೆಯವರೆಗೆ ಹರಡಿರುವ ಮಡುವಿನಲ್ಲಿ ಇರುವುದೆಲ್ಲ ದೇವರ ಮೀನು. ಊರಿನಲ್ಲಿ ಯಾರೂ ಗಾಳ ಹಾಕುವುದಿಲ್ಲ. ಅವುಗಳಲ್ಲೆಲ್ಲ ಹಿರಿಯದು, ಎಂದೋ ಒಂದು ಮೀಸೆ ಕಳೆದುಕೊಂಡ ತಾಮ್ರದ ಬಣ್ಣದ ದೊಡ್ಡಯ್ಯ. ಬೆಳಗಾದರೆ ವಿಶಾಲಾಕ್ಷಮ್ಮ ಮೆಟ್ಟಿಲಿಗೆ ಬಂದು ಹಿತ್ತಾಳೆಯ ತಟ್ಟೆಯನ್ನು ಬಳೆಯಿಂದ ಬಡಿದು, "ಬನ್ರಪ್ಪಾ" ಎಂದು ಕರೆದು ಪುರಿ ಎರಚುವರು. ಮಡುವಿನ ಸೇವೆ ಆ ಮನೆತನದ ಹೆಸರಿನಲ್ಲಿತ್ತು. ಕೆಲಸ ಮಾತ್ರ ಮದುವೆಯಾಗಿ ಬಂದ ಮರುದಿನದಿಂದಲೂ ಅವರ ಕೈಯಲ್ಲಿತ್ತು.

ಕೇಡು ಬಂದದ್ದು ಹೋದ ವರ್ಷದ ಪ್ರವಾಹದಿಂದ. ಸೇತುವೆಯ ನಡುಗಂಬದ ಬುಡವನ್ನು ಹೊಳೆ ಕೊರೆದು ಹಾಕಿತ್ತು. ಕೊಡ್ಲಿಪೇಟೆಯ ಕಡೆಗೆ ಜೀಪು ನಿಂತುಹೋಗಿ, ಹಣ್ಣು ಕೀಳುವ ದಿನಗಳಲ್ಲಿಯೂ ಆಚೆ ದಡದ ಕಾಫಿ ಚೀಲಗಳು ತಲೆಯ ಮೇಲೆ ದಾಟುತ್ತಿದ್ದವು. ಇನ್ನೊಂದು ಮಳೆಗಾಲವನ್ನು ಕಂಬ ತಡೆಯಲಾರದು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೆ ಬುಡ ಕಟ್ಟಬೇಕೆಂದರೆ ಮಡುವಿಗೆ ಮರಳಿನ ಚೀಲದ ಒಡ್ಡು ಹಾಕಿ, ಪಂಪಿಟ್ಟು ನೀರು ಬತ್ತಿಸಬೇಕು ಎಂದು ಮೊದಲು ಬಂದ ಗುತ್ತಿಗೆದಾರ ಹೇಳಿದಾಗ ಊರು ಅವನನ್ನು ಕಾಫಿ ಕುಡಿಸಿ ಕಳುಹಿಸಿತು. ಎರಡನೆಯದಾಗಿ ಬಂದವಳು ಸುಧಾ. ಮಡುವನ್ನು ಮುಟ್ಟದೆ, ನೀರಿನ ಕೆಳಗೇ ಕಾಂಕ್ರೀಟು ಹಾಕುತ್ತೇನೆ ಎಂದಳು.

ಭರಣಿಯ ಪರೀಕ್ಷೆಯಾದ ಮೇಲೂ ಊರು ಅನುಮಾನಿಸಿತು. ಸಿಮೆಂಟಿನ ಹಾಲು ಕಿವಿರಿಗೆ ಹೋದರೆ ಮೀನು ಉಳಿಯುವುದಿಲ್ಲ ಎಂದು ಸುಧಾಳೇ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಕೊನೆಗೆ ಗಂಗಣ್ಣನವರು ಎದ್ದು ನಿಂತು, ಗುಡಿಯ ಬಾಗಿಲ ಕಡೆಗೆ ಕೈಮುಗಿದು ಅಂದರು:

"ಒಂದೇ ಒಂದು ಮೀನು ಮಗುಚಿದ್ರೂ ಮಡುವಿನ ಸೇವೆ ನಮ್ಮ ಮನೆಗೆ ಬೇಡ. ಬೇರೆಯೋರಿಗೆ ಬಿಟ್ಟುಕೊಡ್ತೀನಿ. ಇದು ನನ್ನ ಮಾತು."

ಊರು ಒಪ್ಪಿತು. ವಿಶಾಲಾಕ್ಷಮ್ಮ ಒಪ್ಪಲಿಲ್ಲ, ಆದರೆ ಅವರನ್ನು ಯಾರೂ ಕೇಳಿರಲಿಲ್ಲ. ಮನೆಗೆ ನಡೆಯುವಾಗ ದಾರಿಯಲ್ಲಿ ಅವರು ಒಂದೇ ಪ್ರಶ್ನೆ ಹಾಕಿದರು.

"ರೀ, ನೀವು ಅಡ ಇಟ್ಟಿದ್ದು ಯಾರ ಕೆಲಸಾನ?"

ಅಂದಿನಿಂದ ಗಂಡಹೆಂಡಿರ ನಡುವೆ ಮಾತು ಊಟ, ಸ್ನಾನಗಳಿಗೆ ಮಾತ್ರ ಮೀಸಲಾಯಿತು.

*

ಕಾಂಕ್ರೀಟು ಇಳಿಸುವ ಬೆಳಿಗ್ಗೆ ಮಡುವಿನ ಮೇಲೆ ತೆಳುವಾದ ಮಂಜಿತ್ತು.

ಸಿದ್ಧತೆಯೆಲ್ಲ ಮುಗಿದಿತ್ತು. ನಡುಗಂಬದ ಬುಡದ ಸುತ್ತ ಎದೆಯೆತ್ತರದ ಕಬ್ಬಿಣದ ತಗಡಿನ ಪೆಟ್ಟಿಗೆಯನ್ನು ನೀರಿನೊಳಗೆ ಕೂರಿಸಲಾಗಿತ್ತು. ಅದರ ಬಾಯಿ ತೆರೆದಿತ್ತು. ಬಾಯಿಯ ಮೇಲೆ ಎರಡಾಳು ನೀರು. ಸೇತುವೆಯ ಮೇಲಿನಿಂದ ಒಂದು ದಪ್ಪ ಪೈಪು ನೇರವಾಗಿ ಪೆಟ್ಟಿಗೆಯ ತಳಕ್ಕೆ ಇಳಿದಿತ್ತು. ಅದರ ಮೇಲ್ತುದಿಗೆ ಕಾಂಕ್ರೀಟು ಸುರಿಯಲು ದೊಡ್ಡ ಆಳಿಕೆ. ದಡದಲ್ಲಿ ಮಿಕ್ಸರ್. ಮಿಕ್ಸರಿನಿಂದ ಆಳಿಕೆಯವರೆಗೆ ಆಳುಗಳ ಸಾಲು.

"ಎಲ್ಲರೂ ಕೇಳಿ," ಎಂದಳು ಸುಧಾ. "ಪೈಪಿನ ಬಾಯಿ ಯಾವಾಗಲೂ ಕಾಂಕ್ರೀಟಿನ ಒಳಗೇ ಹುಗಿದಿರಬೇಕು. ಒಂದು ಸಲ ಅದು ಮೇಲೆ ಬಂದರೆ ಪೈಪಿನೊಳಗೆ ನೀರು ನುಗ್ಗುತ್ತೆ, ಕೆಲಸ ಕೆಟ್ಟಿತು. ನಡುವೆ ನಿಲ್ಲಿಸಿದರೂ ಕೆಟ್ಟಿತು. ಶುರು ಮಾಡಿದ ಮೇಲೆ ಮುಗಿಸಿಯೇ ಕೈ ತೊಳೆಯೋದು."

ಕುಶಾಲನಗರದಿಂದ ಬಂದಿದ್ದ ಮೇಸ್ತ್ರಿ ದೇವರಾಜು ಬಾಂಡ್ಲಿಯಲ್ಲಿ ಬೆರಳು ಅದ್ದಿ ಎತ್ತಿದ. ಕಾಂಕ್ರೀಟು ಬೆರಳಿನ ಜೊತೆಗೇ ಎಳೆಯಾಗಿ ಬಂದಿತು.

"ಅಲ್ಲ ಮೇಡಂ, ಇದೇನ್ ಕಾಂಕ್ರೀಟಾ, ಹಲಸಿನ ಮೇಣನಾ? ಕೈಗೆ ಎಣ್ಣೆ ಸವರ್ಕೊಂಡು ಬರ್ಬೇಕಿತ್ತು. ಒಂದು ಚೊಂಬು ನೀರು ಬಿಡ್ಲಾ?"

"ಒಂದು ಹನಿ ಬಿಟ್ಟರೂ ಪುಡಿ ಹಾಕಿದ್ದು ದಂಡ ದೇವರಾಜು. ಹರಿಯೋದಕ್ಕೆ ಬೇರೆ ದ್ರಾವಣ ಹಾಕಿದೀನಿ. ನೀರು ಮುಟ್ಟಬೇಡ."

"ಮುಟ್ಟಲ್ಲ ಬಿಡಿ. ಕುಡಿಯೋದಕ್ಕಾದ್ರೂ ಪರ್ಮಿಷನ್ ಉಂಟೋ ಇಲ್ವೋ?"

ಆಳುಗಳು ನಕ್ಕರು. ನೀರಿನಲ್ಲಿ ಅರ್ಧ ಮುಳುಗಿ ನಿಂತಿದ್ದ ನಾಣಯ್ಯನೂ ನಕ್ಕ. ಹೊಳೆಗೆ ನೀರು ತುಂಬಿದ ದಿನಗಳಲ್ಲಿ ಪ್ರವಾಸಿಗರ ರಾಫ್ಟು ನಡೆಸುವ, ಉಳಿದ ದಿನಗಳಲ್ಲಿ ಇಂಥ ಮುಳುಗುವ ಕೆಲಸಕ್ಕೆ ಬರುವ ನಾಣಯ್ಯನೇ ಇಂದು ನೀರಿನ ಕೆಳಗೆ ಸುಧಾಳ ಕಣ್ಣು.

ಮೀನುಗಳಿಗೂ ಒಂದು ಏರ್ಪಾಡಾಗಿತ್ತು. ಪ್ರತಿದಿನದ ಪುರಿಯನ್ನು ಅಂದು ಬೆಳಕು ಹರಿಯುತ್ತಲೇ ಹಾಕಿರಲಿಲ್ಲ. ಹಸಿದ ಮೀನುಗಳು ಗುಡಿಯ ಮೆಟ್ಟಿಲ ಬುಡದಲ್ಲಿ ಕಾಯುತ್ತಿರುವಾಗ, ಕೆಲಸ ಮುಗಿಯುವವರೆಗೂ ಗಂಗಣ್ಣನವರು ಸ್ವಲ್ಪ ಸ್ವಲ್ಪವಾಗಿ ಪುರಿ ಎರಚುತ್ತ ಅವುಗಳನ್ನು ಅಲ್ಲಿಯೇ ಹಿಡಿದಿಡಬೇಕು. ಸೇತುವೆಯ ಕಡೆಗೆ ಒಂದೂ ಸುಳಿಯಬಾರದು.

ಇದನ್ನು ಹೆಂಡತಿಗೆ ಹೇಳಬೇಕೆಂದು ಗಂಗಣ್ಣನವರು ಹಿಂದಿನ ದಿನವೆಲ್ಲ ಅಂದುಕೊಂಡಿದ್ದರು. ಹೇಳಹೊರಟರೆ ಕಿವಿರು, ಹಾಲು, ಅಪಾಯ ಎಲ್ಲವನ್ನೂ ಮತ್ತೆ ಎತ್ತಬೇಕಾಗುತ್ತದೆ. ಆದ್ದರಿಂದ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಇಷ್ಟೇ ಹೇಳಿದ್ದರು: "ಇವತ್ತು ನೀನು ಬರಬೇಡ. ನಾನೇ ಹಾಕ್ತೀನಿ."

ಅಷ್ಟು ಹೇಳಿ ಹೋದದ್ದೇ ತಪ್ಪಾಯಿತು.

*

ಮೊದಲ ಬಾಂಡ್ಲಿ ಆಳಿಕೆಗೆ ಬಿದ್ದಿತು. ಎರಡನೆಯದು, ಅದರ ಹಿಂದೆ ಮತ್ತೊಂದು. ಪೈಪು ತುಂಬಿ, ಒಳಗಿನ ಭಾರಕ್ಕೆ ಕಾಂಕ್ರೀಟು ಕೆಳಗಿನ ಪೆಟ್ಟಿಗೆಗೆ ಸರಿಯತೊಡಗಿತು. ಸುಧಾ ಕಂಬದ ಪಕ್ಕದ ನೀರನ್ನು ನೋಡುತ್ತ ನಿಂತಳು. ನಾಣಯ್ಯ ಮುಳುಗಿ ಎದ್ದ.

"ಎಂಥದೂ ಇಲ್ಲ ಮೇಡಂ. ನೀರು ತಿಳಿಯಾಗಿ ಉಂಟು. ಕೆಳಗೆ ಹಿಟ್ಟು ಉಬ್ಬಿದ ಹಾಗೆ ಮೆಲ್ಲ ಮೇಲೆ ಬರ್ತಾ ಉಂಟು."

ಸುಧಾ ಬಣ್ಣದ ಕಾಗದದ ಚೂರೊಂದನ್ನು ದಾರಕ್ಕೆ ಕಟ್ಟಿ ನೀರಿಗಿಳಿಸಿ ಎತ್ತಿದಳು. ಸಿಮೆಂಟು ಬೆರೆತಿದ್ದರೆ ಅದು ಕಡು ನೀಲಿಗೆ ತಿರುಗಬೇಕು. ತಿರುಗಿರಲಿಲ್ಲ.

ಕೆಲಸ ಅರ್ಧಕ್ಕೆ ಬಂದಾಗ ಬಿಸಿಲು ಬಲಿತಿತ್ತು. ಆಳಿಕೆಯಲ್ಲಿ ಕಾಂಕ್ರೀಟು ಇಳಿಯುವ ವೇಗ ಅಂದುಕೊಂಡಿದ್ದಕ್ಕಿಂತ ಕಡಿಮೆಯಿತ್ತು. ಅಂಟಿನ ಗುಣವೇ ಅಂಥದು. ಅತ್ತ ಮೆಟ್ಟಿಲಿನ ಮೇಲೆ ಗಂಗಣ್ಣನವರು ಚೀಲದೊಳಗೆ ಇಣುಕಿ ನೋಡತೊಡಗಿದ್ದರು. ಪುರಿ ತಳ ಕಂಡಿತ್ತು.

ಅದೇ ಹೊತ್ತಿಗೆ ಸೇತುವೆಯ ತುದಿಯಲ್ಲಿ ವಿಶಾಲಾಕ್ಷಮ್ಮ ಕಾಣಿಸಿಕೊಂಡರು. ಮಡಿಸೀರೆ, ಕೈಯಲ್ಲಿ ಹಿತ್ತಾಳೆಯ ತಟ್ಟೆ, ತಟ್ಟೆಯ ತುಂಬ ಅರಿಶಿನ ಕಲಸಿದ ಅಕ್ಕಿ. ಆಳುಗಳ ಸಾಲು ಗೌರವದಿಂದ ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಬೆಳಿಗ್ಗೆಯಿಂದ ಅವರು ಹಿತ್ತಲಿನ ದಿಬ್ಬದ ಮೇಲೆ ನಿಂತು ಮಡುವನ್ನೇ ನೋಡುತ್ತಿದ್ದರು. ಹಾಲು ಹರಿಯುವುದನ್ನು ಕಾದಿದ್ದರು, ಹರಿಯಲಿಲ್ಲ. ಆ ಹುಡುಗಿ ಹೇಳಿದಂತೆಯೇ ನಡೆಯುತ್ತಿದೆಯಲ್ಲ ಎಂದು ಅವರ ಕೋಪ ಇಳಿದಿತ್ತು. ಇಳಿದಾಗಲೇ ಇನ್ನೊಂದು ನೆನಪಾಯಿತು: ಹೊಳೆಯಲ್ಲಿ ಯಾವ ಕೆಲಸವಾದರೂ ಮೊದಲ ಹಿಡಿ ಹೊಳೆಗೆ ಕೊಡಬೇಕಾದದ್ದು ಸೇವೆಯ ಮನೆಯ ಹೆಂಗಸು. ಮಾತು ಬಿಟ್ಟ ಗಡಿಬಿಡಿಯಲ್ಲಿ ಅದು ನಡೆದೇ ಇರಲಿಲ್ಲ.

"ತಡವಾಯ್ತು ಕಣವ್ವ, ಬೇಜಾರು ಮಾಡ್ಕೋಬೇಡ," ಎನ್ನುತ್ತ ಅವರು ಸುಧಾಳ ಪಕ್ಕಕ್ಕೆ ಬಂದರು. "ಹೊಳೆಗೆ ಕೊಡದೆ ಹೊಳೆ ಕೆಲಸ ಮಾಡೋದುಂಟಾ?"

ಸುಧಾ ತಿರುಗಿ ನೋಡುವಷ್ಟರಲ್ಲಿ ಅವರು ಅಭ್ಯಾಸಬಲದಿಂದ ತಟ್ಟೆಯ ಅಂಚಿಗೆ ಬಳೆ ತಾಗಿಸಿದ್ದರು. ಠಣ್ ಠಣ್ ಎಂದಿತು. ಮರುಕ್ಷಣವೇ ಅಕ್ಕಿಯೆಲ್ಲ ನಡುಗಂಬದ ಬುಡಕ್ಕೆ ಸುರಿಯಿತು. ಪುರಿಯಾಗಿದ್ದರೆ ತೇಲುತ್ತಿತ್ತು. ಅಕ್ಕಿ ಅರಿಶಿನದ ಮಳೆಯಂತೆ ನೀರೊಳಗೆ ಇಳಿದು, ನೇರವಾಗಿ ಪೆಟ್ಟಿಗೆಯ ತೆರೆದ ಬಾಯಿಗೆ ಹೋಯಿತು.

ಗುಡಿಯ ಮೆಟ್ಟಿಲ ಬುಡದಲ್ಲಿ ನೀರು ಒಮ್ಮೆಲೇ ಕದಡಿತು. ಗಂಗಣ್ಣನವರು ಕೂಗಿದ್ದು ಸೇತುವೆಗೆ ಕೇಳಿಸಲಿಲ್ಲ. ಆದರೆ ಅವರು ಎರಡೂ ಕೈ ಎತ್ತಿದ್ದು ಎಲ್ಲರಿಗೂ ಕಂಡಿತು. ಮಡುವಿನ ಉದ್ದಕ್ಕೂ ಕಪ್ಪು ನೆರಳುಗಳ ಗುಂಪು ಸೇತುವೆಯ ಕಡೆಗೆ ಬರುತ್ತಿತ್ತು. ಎಲ್ಲಕ್ಕಿಂತ ಮುಂದೆ ತಾಮ್ರದ ಮಿಂಚು.

"ಅಮ್ಮಾ, ಅವು ಇಲ್ಲಿಗೆ ಬರಬಾರದಿತ್ತು," ಎಂದಳು ಸುಧಾ ತಗ್ಗಿದ ದನಿಯಲ್ಲಿ. "ಅದಕ್ಕೇ ಯಜಮಾನರು ಅಲ್ಲಿ ಪುರಿ ಹಾಕ್ತಾ ಇದ್ದದ್ದು."

ವಿಶಾಲಾಕ್ಷಮ್ಮ ಸದ್ದಾಗದಂತೆ ತಟ್ಟೆಯನ್ನು ಎದೆಗೊತ್ತಿಕೊಂಡರು. "ನನಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.

ಆ ಗಳಿಗೆಯಲ್ಲಿಯೇ ಆಳಿಕೆಯಲ್ಲಿದ್ದ ಕಾಂಕ್ರೀಟು ಇಳಿಯುವುದು ನಿಂತಿತು.

*

"ಕಚ್ಚಿಕೊಂಡಿತು ಮೇಡಂ!" ದೇವರಾಜು ಆಗಲೇ ಬಕೆಟಿಗೆ ಕೈ ಹಾಕಿದ್ದ. "ಒಂದೇ ಚೊಂಬು ನೀರು. ಜರ್ ಅಂತ ಇಳಿದುಹೋಗ್ತದೆ."

ಇಳಿಯುತ್ತದೆ, ನಿಜ. ನೀರು ಬೆರೆತ ಕಾಂಕ್ರೀಟು ಹಿಡಿತ ಕಳೆದುಕೊಂಡು ಪೆಟ್ಟಿಗೆಗೆ ಜಾರುತ್ತದೆ. ಅದರ ಹಾಲು, ಬಾಯಿ ತೆರೆದು ಅಕ್ಕಿ ಹೆಕ್ಕುತ್ತಿರುವ ಮೀನುಗಳ ಕಿವಿರಿಗೆ ಹೋಗುತ್ತದೆ. ನೀರು ಹಾಕದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ. ಕಂಬದ ಬುಡ ಅರ್ಧಕ್ಕೆ ನಿಲ್ಲುತ್ತದೆ, ಮಳೆಗಾಲ ಬರುತ್ತದೆ.

"ಬಕೆಟ್ ಕೆಳಗಿಡು," ಎಂದಳು ಸುಧಾ. "ನಾಣಯ್ಯ, ಪೈಪಿನ ಬಾಯಿ ಎಷ್ಟು ಹುಗಿದಿದೆ ನೋಡಿ ಬಾ. ಮೀನಿಗೆ ಹೆದರಿಕೆ ಹುಟ್ಟಿಸಬೇಡ."

ನಾಣಯ್ಯ ಸದ್ದಿಲ್ಲದೆ ಮುಳುಗಿದ. ಅವನು ಎದ್ದುಬರುವುದು ತೀರ ತಡವಾದಂತೆ ಅನ್ನಿಸಿತು.

"ಮೊಣಕಾಲಿನಷ್ಟು ಒಳಗೆ ಉಂಟು," ಎಂದ ಅವನು ಉಸಿರೆಳೆದುಕೊಂಡು. "ಮೀನೆಲ್ಲ ಪೆಟ್ಟಿಗೆ ಒಳಗೇ ಉಂಟು ಮೇಡಂ. ಆ ದೊಡ್ಡದು ಪೈಪಿಗೆ ಮೈ ಒತ್ತಿಕೊಂಡು ನಿಂತುಬಿಟ್ಟಿದೆ. ನಾನು ಹೋದ್ರೆ ನನ್ನನ್ನೇ ದೂಡ್ತದೆ."

"ನೀರು?"

"ತಿಳಿಯೇ ಉಂಟು."

ಸುಧಾ ದೇವರಾಜುವಿನ ಕಡೆಗೆ ತಿರುಗಿದಳು. "ಚೈನ್ ಪುಲ್ಲಿಯಲ್ಲಿ ಪೈಪನ್ನ ಒಂದು ಗೇಣು ಎತ್ತಿ, ಹಾಗೇ ಇಳಿಸು. ಒಂದೇ ಗೇಣು. ಮೇಲೆ ನಾನು ಬಡಿಗೆಯಿಂದ ತಟ್ಟುತ್ತೇನೆ. ಮುಂದಿನ ಮಿಕ್ಸಿಗೆ ದ್ರಾವಣ ಅರ್ಧ ಅಳತೆ ಜಾಸ್ತಿ."

ದೇವರಾಜುವಿನ ನಗೆ ಎಲ್ಲಿಯೋ ಹೋಗಿತ್ತು. ಅವನು ಸರಪಣಿಯನ್ನು ಒಂದೊಂದೇ ಕೊಂಡಿಯಾಗಿ ಎಳೆದ. ಪೈಪು ಗೇಣೆದ್ದಿತು. ಇಳಿಯಿತು. ಆಳಿಕೆಯಲ್ಲಿ ಏನೂ ಅಲುಗಲಿಲ್ಲ. ಮತ್ತೆ ಎದ್ದಿತು. ಸುಧಾ ಬಡಿಗೆಯಿಂದ ಪೈಪಿನ ಕೊರಳಿಗೆ ಮೆಲ್ಲನೆ ತಟ್ಟಿದಳು. ಮತ್ತೆ ಇಳಿಯಿತು.

ಆಳಿಕೆಯ ನಡುವೆ ಸಣ್ಣದೊಂದು ಕುಳಿ ಬಿದ್ದಿತು. ಕುಳಿ ಅಗಲವಾಯಿತು. ಕಾಂಕ್ರೀಟು ಒಂದು ಸಲ ಗುಳುಕ್ ಎಂದು ಸರಿಯತೊಡಗಿತು.

"ನಿಲ್ಲಿಸಬೇಡಿ, ತನ್ನಿ!" ಎಂದಳು ಸುಧಾ. ಸಾಲು ಮತ್ತೆ ಜೀವ ತುಂಬಿಕೊಂಡಿತು.

ಆದರೆ ಗಂಡಾಂತರ ಕಳೆದಿರಲಿಲ್ಲ. ಪೆಟ್ಟಿಗೆ ತುಂಬಿ ಬಾಯಿಯವರೆಗೆ ಬಂದಾಗ, ಮೊದಲಿನಿಂದಲೂ ನೀರಿಗೆ ಒಡ್ಡಿಕೊಂಡಿದ್ದ ಮೇಲ್ಪದರ ಅಂಚಿನಿಂದ ಹೊರಗೆ ಚೆಲ್ಲುವುದು ಖಂಡಿತ. ಪುಡಿ ಎಷ್ಟೇ ಹಿಡಿದಿಟ್ಟರೂ ಆ ಪದರದಲ್ಲಿ ಕೊಂಚ ಹಾಲು ಇದ್ದೇ ಇರುತ್ತದೆ. ಅಷ್ಟರೊಳಗೆ ಮೀನುಗಳು ಅಲ್ಲಿಂದ ಹೋಗಬೇಕು.

"ಅಮ್ಮಾ, ಅವು ನಿಮ್ಮ ದನಿಗೆ ಬರುವುದು. ಮೆಟ್ಟಿಲಿಗೆ ಹೋಗಿ ಕರೀತೀರಾ?"

ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿ ನಡೆದರು. ದಡದಲ್ಲಿ ಇಳಿಯುವಾಗ ಅವರಿಗೆ ಹೊಳೆಯಿತು, ತಟ್ಟೆ ಬರಿದು. ಮೆಟ್ಟಿಲಿನಲ್ಲಿ ಗಂಡ ಖಾಲಿ ಚೀಲವನ್ನು ತಲೆಕೆಳಗು ಮಾಡಿ ತೋರಿಸುತ್ತಿದ್ದರು. ಬರಿಯ ದನಿಗೆ ದೇವರ ಮೀನು ಒಂದು ಸಲ ಬಂದೀತು. ಏನೂ ಸಿಗದಿದ್ದರೆ ಅಕ್ಕಿಯ ರುಚಿ ಕಂಡ ಜಾಗಕ್ಕೇ ತಿರುಗೀತು.

ಅವರ ಕಣ್ಣು ಸುತ್ತಲೂ ಹುಡುಕಿ ಮಿಕ್ಸರಿನ ಹಿಂದಿನ ಮಾವಿನ ನೆರಳಿನಲ್ಲಿ ನಿಂತಿತು. ಅಲ್ಲಿ ಆಳುಗಳ ಮಧ್ಯಾಹ್ನದ ಊಟ: ಮುಚ್ಚಿದ ಒಂದು ಪಾತ್ರೆ ಅನ್ನ, ಒಂದು ಪಾತ್ರೆ ಸಾರು.

"ದೇವರಾಜು!" ಎಂದು ಅವರು ಕೆಳಗಿನಿಂದ ಕೂಗಿದರು. "ಅನ್ನ ತಗೊಂಡೆ ಕಣಪ್ಪಾ!"

ದೇವರಾಜು ಸರಪಣಿ ಬಿಡುವಂತಿರಲಿಲ್ಲ. "ಅಮ್ಮಾ, ನಮ್ಮ ಊಟ!"

"ಸಾರು ಬಿಟ್ಟಿದೀನಿ!"

"ಬರೀ ಸಾರು ಕುಡಿದು ಸೇತುವೆ ಕಟ್ಟೋದಾ ನಾವು?"

ಆತಂಕದ ನಡುವೆಯೂ ಸಾಲಿನಲ್ಲಿ ನಗು ಹರಿಯಿತು. ವಿಶಾಲಾಕ್ಷಮ್ಮ ಪಾತ್ರೆಯನ್ನು ಸೊಂಟಕ್ಕೇರಿಸಿ ಮೆಟ್ಟಿಲಿಗೆ ಬಂದರು. ಗಂಗಣ್ಣನವರು ಕೈ ಚಾಚಿ ಪಾತ್ರೆ ಹಿಡಿದುಕೊಂಡರು. ವಿಶಾಲಾಕ್ಷಮ್ಮ ಕೊನೆಯ ಮೆಟ್ಟಿಲಿಗಿಳಿದು, ಪಾದ ನೀರಿಗೆ ಬಿಟ್ಟು, ತಟ್ಟೆ ಬಡಿದರು.

"ಬನ್ರಪ್ಪಾ... ಬನ್ರೋ..."

ಮೊದಲ ಹಿಡಿ ಅನ್ನ ನೀರಿಗೆ ಬಿದ್ದಿತು. ಸೇತುವೆಯ ಕೆಳಗೆ ಒಂದು ನೆರಳು ತಿರುಗಿತು. ಇನ್ನೊಂದು. ನೋಡನೋಡುತ್ತ ಗುಂಪು ಗುಂಪೇ ಅಲ್ಲಿಂದ ಕಳಚಿಕೊಂಡು ಮೆಟ್ಟಿಲ ಕಡೆಗೆ ಹೊರಟಿತು. ವಿಶಾಲಾಕ್ಷಮ್ಮ ಒಂದೊಂದನ್ನೇ ಕಣ್ಣಿನಲ್ಲಿ ಗುರುತಿಸುತ್ತ ಎರಚಿದರು.

ತಾಮ್ರದ ಮಿಂಚು ಮಾತ್ರ ಬರಲಿಲ್ಲ.

ಅತ್ತ ಪೆಟ್ಟಿಗೆ ತುಂಬಿತು. ಅಂಚಿನಿಂದ ತೆಳುವಾದ ಬೂದಿ ಬಣ್ಣದ ಪದರವೊಂದು ಹೊರಗೆ ಜಾರಿ, ಹೊಗೆಯಂತೆ ತುಸು ಹರಡಿ, ತಳಕ್ಕೆ ಕೂತಿತು. ಸುಧಾ ಇಳಿಸಿದ ಕಾಗದ ಮಸುಕು ನೀಲಿಯಾಗಿ ಬಂದಿತು. ಸ್ವಲ್ಪ ಹೊತ್ತಿನ ಮೇಲೆ ಇಳಿಸಿದ್ದು ಮೊದಲಿನ ಬಣ್ಣದಲ್ಲಿಯೇ ಬಂದಿತು. ನಾಣಯ್ಯ ಕೊನೆಯ ಸಲ ಮುಳುಗಿ, ಕಾಂಕ್ರೀಟಿನ ತಲೆಯನ್ನು ಕೈಯಿಂದ ಸವರಿ ಎದ್ದ.

"ಮಟ್ಟವಾಗಿ ಕೂತಿದೆ. ಜಗಲಿ ಹಾಗೆ ಉಂಟು."

"ದೊಡ್ಡಯ್ಯ?"

ನಾಣಯ್ಯ ತಲೆಯಾಡಿಸಿದ. "ಕಾಣ್ಲಿಲ್ಲ."

*

ಸತ್ತ ಮೀನು ಬೆಳಗಾಗುವುದರೊಳಗೆ ತೇಲುತ್ತದೆ. ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಆ ಸಂಜೆ ವಿಶಾಲಾಕ್ಷಮ್ಮ ಆಳುಗಳನ್ನೆಲ್ಲ ಮನೆಗೆ ಕರೆದು ಅಕ್ಕಿರೊಟ್ಟಿ ಬಡಿಸಿದರು. ದೇವರಾಜು ಎಲೆಯ ಮುಂದೆ ಕೂತು, "ಇದಾದ್ರೂ ನಮಗೇನಾ ಅಮ್ಮಾ, ಇಲ್ಲ ಇದಕ್ಕೂ ಮೀನು ಬರ್ತಾವಾ?" ಎಂದ. ಅವರು ನಕ್ಕರು. ಆದರೆ ಕಣ್ಣು ಕಿಟಕಿಯ ಆಚೆಗೇ ಇತ್ತು.

ಮರುದಿನ ಮಂಜು ಕರಗುವ ಮೊದಲೇ ಗಂಗಣ್ಣ ದಂಪತಿ ಮೆಟ್ಟಿಲಿಗೆ ಬಂದರು. ಸುಧಾ ಅಲ್ಲಿ ಅವರಿಗಿಂತ ಮುಂಚೆ ಬಂದು ಕೂತಿದ್ದಳು. ಮೂವರೂ ನೀರಿನ ಮೇಲೆ ಕಣ್ಣು ಹಾಯಿಸಿದರು. ಒಣಗಿದ ಎಲೆಗಳಲ್ಲದೆ ಏನೂ ತೇಲುತ್ತಿರಲಿಲ್ಲ.

ವಿಶಾಲಾಕ್ಷಮ್ಮ ತಟ್ಟೆ ಬಡಿದರು. ಮೀನುಗಳು ಬಂದವು, ಎಂದಿನಂತೆ ತಳ್ಳಾಡುತ್ತ, ಬಾಯಿ ತೆರೆಯುತ್ತ ಬಂದವು. ಎಲ್ಲ ಬಂದವು. ಒಂದನ್ನು ಬಿಟ್ಟು.

ಮತ್ತೆ ಬಡಿದರು. "ದೊಡ್ಡಯ್ಯಾ..."

ಗಂಗಣ್ಣನವರು ಗುಡಿಯ ಬಾಗಿಲ ಕಡೆಗೆ ತಿರುಗಿ ನಿಂತರು. ಕೊಟ್ಟ ಮಾತು ಕೊಟ್ಟಾಗಿತ್ತು. "ವಿಶಾಲೂ," ಎಂದರು, ಬಹಳ ದಿನಗಳ ಮೇಲೆ ಆ ಹೆಸರು ಹಿಡಿದು. "ನಿನ್ನ ಕೇಳ್ಬೇಕಿತ್ತು ನಾನು. ಹೇಳೋದಾದ್ರೂ ಹೇಳ್ಬೇಕಿತ್ತು."

ವಿಶಾಲಾಕ್ಷಮ್ಮ ಆಗಲೇ ಮೆಟ್ಟಿಲು ಹತ್ತಿ, ದಡದ ದಾರಿ ಹಿಡಿದು, ಸೇತುವೆಯ ಕಡೆಗೆ ನಡೆದಿದ್ದರು. ಸುಧಾ ಹಿಂದೆಯೇ ಹೋದಳು. ನಡುಗಂಬದ ನೇರಕ್ಕೆ ಬಂದು ವಿಶಾಲಾಕ್ಷಮ್ಮ ಕಟಾಂಜನಕ್ಕೆ ಹೊಟ್ಟೆಯೊತ್ತಿ ಬಗ್ಗಿದರು.

ಮಂಜು ಅಲ್ಲಿ ತುಸು ಸರಿದಿತ್ತು. ಕೆಳಗೆ, ಹೊಸ ಬುಡದ ಬೂದು ಬಣ್ಣ ನೀರಿನ ಒಳಗಿನಿಂದ ಮಸುಕಾಗಿ ಕಾಣುತ್ತಿತ್ತು. ಅದರ ಹರಿವಿನ ಮರೆಯಲ್ಲಿ, ನೀರು ತಿರುಗಿ ಮೆಲ್ಲಗಾಗುವ ಜಾಗದಲ್ಲಿ, ಉದ್ದನೆಯದೊಂದು ನೆರಳು ಬಾಲವನ್ನು ಮಾತ್ರ ಅಲ್ಲಾಡಿಸುತ್ತ ನಿಂತಿತ್ತು. ಸೂರ್ಯನ ಮೊದಲ ಕೋಲು ಬಿದ್ದಾಗ ಅದು ತಾಮ್ರವಾಯಿತು.

"ನೋಡವ್ವ," ಎಂದರು ವಿಶಾಲಾಕ್ಷಮ್ಮ. "ನೀನು ಸೇತುವೆಗೆ ಅಂತ ಕಟ್ಟಿದೆ. ಇವನು ತನಗೇ ಅಂದ್ಕೊಂಡು ಕೂತವ್ನೆ."

ಸುಧಾ ಕಟಾಂಜನದ ಮೇಲೆ ಬಗ್ಗಿ ಅದನ್ನೇ ನೋಡಿದಳು.

ವಿಶಾಲಾಕ್ಷಮ್ಮ ತಟ್ಟೆಯಲ್ಲಿ ಉಳಿದಿದ್ದ ಪುರಿಯನ್ನು ಕೆಳಗೆ ಬಿಟ್ಟರು. ದೊಡ್ಡಯ್ಯ ಅವಸರಪಡದೆ ಮೇಲೆ ಬಂದು, ಒಂದೇ ಮೀಸೆಯ ಬಾಯಿ ತೆರೆದು, ಎಳೆದುಕೊಂಡು, ಮತ್ತೆ ತನ್ನ ಜಾಗಕ್ಕೆ ಇಳಿಯಿತು.

ಏದುಸಿರು ಬಿಡುತ್ತ ಹಿಂದಿನಿಂದ ಬಂದ ಗಂಗಣ್ಣನವರು ಕೆಳಗೆ ನೋಡಿದರು, ಹೆಂಡತಿಯನ್ನು ನೋಡಿದರು, ಆಮೇಲೆ ಕೈಯಲ್ಲಿದ್ದ ಚೀಲವನ್ನು ನೋಡಿದರು.

"ಹಂಗಾದ್ರೆ ಇನ್ಮೇಲೆ ದಿನಾ ಎರಡು ಕಡೆ ಹಾಕ್ಬೇಕಾ?"

"ಎಲ್ಲಿ ಹಾಕ್ಬೇಕು ಅಂತ ನಾನು ನೋಡ್ಕೋತೀನಿ," ಎಂದರು ವಿಶಾಲಾಕ್ಷಮ್ಮ, ತಟ್ಟೆಯನ್ನು ಚೀಲದ ಬಾಯಿಗೆ ಒಡ್ಡುತ್ತ. "ನೀವು ಪುರಿ ಸುರೀರಿ."

ಗಂಗಣ್ಣನವರು ಸುರಿದರು.